ಏಳನೆಯ ಮನೆಯ ಕೂಸು

ಏಳನೆಯ ಮನೆ, ಐದನೆಯ ಸಾಲು: ಕೂಸು, ಗಂಡು, ಒಂಬತ್ತು ದಿನ. ಹೆಸರು ಬರೆಯುವ ಜಾಗದಲ್ಲಿ ಒಂದು ಅಡ್ಡಗೀಟು ಇತ್ತು. ಗೀಟಿನ ಕೊನೆಯಲ್ಲಿ ಶಾಯಿ ತುಸು ಹೆಚ್ಚು ಇಳಿದು ಸಾಸಿವೆಯಷ್ಟು ಚುಕ್ಕೆಯಾಗಿತ್ತು. ಬರೆಯುವವನು ಅಲ್ಲಿ ಲೇಖನಿ ನಿಲ್ಲಿಸಿ ಏನನ್ನೋ ಕೇಳಿರಬೇಕು, ಉತ್ತರ ಸಿಗದೆ ಮುಂದಿನ ಮನೆಗೆ ಹೋಗಿರಬೇಕು.

ಚಿತ್ತಾಪುರದ ಒಬ್ಬ ವಕೀಲರ ದಫ್ತರದಲ್ಲಿ ನಾನು ಏಳು ವರ್ಷ ಇಂಥ ಸಾಲುಗಳನ್ನು ಓದಿದೆ. ಈ ವರ್ಷ ವಕೀಲ ಸಾಹೇಬರು ದಫ್ತರ ಮುಚ್ಚಿ ಹೈದರಾಬಾದಿನಲ್ಲಿರುವ ಮಗಳ ಮನೆಗೆ ಹೋದರು. ಹೀಗಾಗಿ ಮೂವತ್ತೊಂದನೆಯ ವಯಸ್ಸಿಗೇ ನಾನು ನಿವೃತ್ತಳಾದೆ. ಈಗ ಊರಿನಲ್ಲಿ ಯಾರೂ ಹಳೆಯ ಕಾಗದದ ಮಾತಾಡುವುದಿಲ್ಲ. ರೈಲುಗಳು ಹೊತ್ತಿಗೆ ಬರುವುದಿಲ್ಲ. ಕೆಲವು ಮನೆಗಳಲ್ಲಿ ಗಲಭೆಯ ಭಯಕ್ಕೆ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡೇ ಮಲಗುತ್ತಾರೆ. ಆದರೂ ಇಬ್ಬರು ಹುಡುಗಿಯರು ಹುಡುಕಿಕೊಂಡು ಬಂದರು. ರೆಕಾರ್ಡು ಓದುವ ಕೆಲಸಕ್ಕೆ ಸೇರುವವರಂತೆ. ಏನೇನು ಕಲಿತಿರಬೇಕು ಎಂದು ಕೇಳಿದರು. ಎದುರಿಗೆ ಕೂತವರ ಮುಂದೆ ನನಗೆ ಮಾತು ಬರುವುದು ಕಡಿಮೆ. ಫಸಲಿ ವರ್ಷವನ್ನು ಇಸವಿಗೆ ತಿರುಗಿಸುವುದು, ಹುಳ ತಿಂದ ಹಾಳೆಯನ್ನು ಬಿಡಿಸುವುದು, ಇಷ್ಟು ಹೇಳಿ ಕಳಿಸಿದೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂದೆ ತಹಸೀಲಿನಲ್ಲಿ ರೆಕಾರ್ಡು ನೋಡಿಕೊಳ್ಳುತ್ತಿದ್ದರು. ನಾನು ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಬಿ.ಎ. ಮುಗಿಸಿ ಮನೆಗೆ ಬಂದು ಆರು ತಿಂಗಳಾಗಿತ್ತು. ಒಂದು ದಿನ ವಕೀಲ ಸಾಹೇಬರು ಬಂದು ಪಡಸಾಲೆಯಲ್ಲಿ ಕೂತರು.

“ನಿಮ್ಮ ಮಗಳು ಉರ್ದು ಓದ್ತಾಳಂತ. ಕೆಟ್ಟ ಅಕ್ಷರ ಓದ್ತಾಳೇನು?”

“ನನ್ನ ಅಕ್ಷರ ಓದ್ತಾಳ್ರಿ,” ಎಂದರು ತಂದೆ.

“ಹಂಗಾದ್ರ ಸಾಕು. ಬ್ಯಾರೆ ಪರೀಕ್ಷಾ ಬ್ಯಾಡ.”

ನನ್ನನ್ನು ಕರೆದದ್ದು ಅಕ್ಷರಕ್ಕಾಗಿ ಮಾತ್ರವಲ್ಲ. ಅವರ ಬಳಿ ಬರುತ್ತಿದ್ದ ಕೆಲಸವೆಲ್ಲ ವಾರಸಿನದು: ಯಾರು ಯಾರ ಮಗ, ಯಾರ ಮೊಮ್ಮಗಳು, ಪಟೇಲಕಿ ಯಾರಿಗೆ ಸೇರಬೇಕು. ಗಂಡಸರು ಅಂಗಳದಲ್ಲಿ ಹೇಳಿದ್ದು ಒಂದಾದರೆ, ಒಳಗೆ ಅಡುಗೆಮನೆಯಲ್ಲಿ ಗೊತ್ತಿರುವುದು ಇನ್ನೊಂದು. ಮೂವತ್ತು ವರ್ಷ ವಕೀಲಿ ಮಾಡಿದರೂ ಸಾಹೇಬರಿಗೆ ಹೊಸ್ತಿಲು ದಾಟಿ ಕೇಳಲು ಆಗಿರಲಿಲ್ಲ. ನಾನು ದಾಟಬಹುದಾಗಿತ್ತು. ದಾಟಿದ ಮೇಲೆ ಕೇಳುವುದು ಹೇಗೆಂದು ಮಾತ್ರ ನನಗೆ ಭಾಳ ದಿನ ತಿಳಿಯಲಿಲ್ಲ.

ಮರ್ದುಮ್‌ಶುಮಾರಿ, ಅಂದರೆ ಜನಗಣತಿ, ನಡೆದ ಮೇಲೆ ಎಣಿಕೆಯ ಚೀಟಿಗಳೆಲ್ಲ ಹೈದರಾಬಾದಿಗೆ ಹೋಗುತ್ತಿದ್ದವು. ಅಲ್ಲಿ ಲೆಕ್ಕ ತೆಗೆದುಕೊಂಡು ಚೀಟಿಗಳನ್ನು ಹಾಳುಮಾಡುತ್ತಿದ್ದರು. ಊರಲ್ಲಿ ಉಳಿಯುತ್ತಿದ್ದುದು ಊರಿನ ಲೆಕ್ಕ ಬರೆಯುವ ಪಟವಾರಿ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಕಚ್ಚಾ ಮನೆಪಟ್ಟಿ ಮಾತ್ರ. ಮನೆಯ ನಂಬರು, ಯಜಮಾನ ಮತ್ತು ಅವನ ತಂದೆಯ ಹೆಸರು, ಅದರ ಕೆಳಗೆ ಆ ರಾತ್ರಿ ಮನೆಯಲ್ಲಿ ಮಲಗಿದ್ದವರ ಹೆಸರು, ಗಂಡೋ ಹೆಣ್ಣೋ, ವಯಸ್ಸು. ಯಾರಿಗೆ ಯಾರು ಏನಾಗಬೇಕು ಎಂಬುದು ಕಚ್ಚಾ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಪಟವಾರಿಗೆ ಅದು ಬಾಯಲ್ಲೇ ಗೊತ್ತಿತ್ತು, ಬರೆದುಕೊಳ್ಳುವ ಕಾರಣವಿರಲಿಲ್ಲ. ವಕೀಲ ಸಾಹೇಬರು ಇಂಥ ಪಟ್ಟಿಗಳ ನಕಲು ಮಾಡಿಸಿ ಮೂರು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿದ್ದರು. ಸೇಡಂ ತಾಲ್ಲೂಕಿನದು ಹಸಿರು ಪೆಟ್ಟಿಗೆ, ಚಿಂಚೋಳಿಯದು ಬೀಗ ಕೆಟ್ಟದ್ದು, ಉಳಿದದ್ದೆಲ್ಲ ಮೂರನೆಯದರಲ್ಲಿ.

“ಆ ರಾತ್ರಿ ಮನೆಯಲ್ಲಿ ಮಲಗಿದ್ದವರು” ಎಂಬ ಮಾತನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಾನು ಹಿಡಿದುಕೊಂಡಿದ್ದೇನೆಂದೇ ತಿಳಿದಿದ್ದೆ. ವಾಡಿ ಜಂಕ್ಷನ್ನಿನ ಒಂದು ಪಟ್ಟಿಯಲ್ಲಿ ಸ್ಟೇಷನ್ ಮಾಸ್ತರರ ಮನೆಯ ಕೆಳಗೇ ಒಬ್ಬ ಬಳೆ ವ್ಯಾಪಾರಿಯ ಹೆಸರಿತ್ತು. ಅವನು ಮಾಸ್ತರರ ಸಂಬಂಧಿ ಎಂದು ಹೇಳಿ, ವಾರಸು ಕೇಳಿಕೊಂಡು ಬಳೆಗಾರನ ಅಣ್ಣನ ಮಗ ಬಂದ. ಆ ಬಳೆಗಾರ ರೈಲು ತಪ್ಪಿಸಿಕೊಂಡು ಒಂದು ರಾತ್ರಿ ಪ್ಲಾಟ್‌ಫಾರಮ್ಮಿನಲ್ಲಿ ಮಲಗಿದ್ದವನು. ಎಣಿಸುವವರು ಬಂದಾಗ ಎದ್ದು ಕೂತು ಹೆಸರು ಹೇಳಿದ್ದ, ಅಷ್ಟೇ. ಅದನ್ನು ನಾನೇ ಬಿಡಿಸಿದೆ. ವಕೀಲ ಸಾಹೇಬರು ಮೆಚ್ಚಿ ನನಗೆ ಒಂದು ಹೊಸ ಲೇಖನಿ ಕೊಟ್ಟರು. ಆ ಲೇಖನಿಯಿಂದಲೇ ಮುಂದೆ ನಾನು ನನ್ನ ಅತಿ ದೊಡ್ಡ ತಪ್ಪನ್ನು ಬರೆದೆ.

ಪಟ್ಟಿ ಸಿಗದ ಊರಿಗೆ ಬದಲಿ ಪಟ್ಟಿಗಳನ್ನು ಹುಡುಕುತ್ತಿದ್ದೆವು. ಸಿಡುಬು ಬರದಂತೆ ದೇವಿ ಹಾಕಿದ ಮಕ್ಕಳ ಪಟ್ಟಿ, ಶಾಲೆಯ ದಾಖಲಾತಿ, ಶಹಾಬಾದಿನ ಕಲ್ಲುಗಣಿಗಳ ಹಾಜರಿ, ಯುದ್ಧ ಬಂದ ಮೇಲೆ ರೇಷನ್ ಪಟ್ಟಿ. ಒಂದೊಂದು ಪಟ್ಟಿಗೂ ಅದರದೇ ಸ್ವಭಾವ. ಶಾಲೆಯಲ್ಲಿ ಅರ್ಧ ಊರು ಒಂದೇ ದಿನ ಹುಟ್ಟಿರುತ್ತದೆ, ಮಾಸ್ತರರು ಎಲ್ಲರಿಗೂ ಒಂದೇ ತಾರೀಖು ಹಾಕಿರುತ್ತಾರೆ. ಜನಗಣತಿಯಲ್ಲಿ ಮಕ್ಕಳು ಕಡಿಮೆ, ರೇಷನ್ ಪಟ್ಟಿಯಲ್ಲಿ ಮುದುಕಿಯರು ಹೆಚ್ಚು. ಸತ್ತು ಹತ್ತು ವರ್ಷವಾದ ಅಜ್ಜಿ ಅಲ್ಲಿ ತಿಂಗಳು ತಿಂಗಳು ಜೋಳ ತಿನ್ನುತ್ತಿರುತ್ತಾಳೆ. ಚಿಂಚೋಳಿಯ ಒಬ್ಬ ತಾಯಿ ತನಗೆ ಐದು ಮಕ್ಕಳೆಂದು ಬರೆಸಿದ್ದಳು. ನಾನು ಹೋದಾಗ ಆರನೆಯವನು ನನಗೆ ಕುಡಿಯಲು ನೀರು ತಂದುಕೊಟ್ಟ.

“ಇವನ್ಯಾಕ ಬರೆಸಲಿಲ್ಲ?” ಎಂದು ಕೇಳಿದೆ.

“ಎಲ್ಲಾರನ್ನ ಎಣಿಸಿಬಿಟ್ರ ಏನು ಉಳೀತದರಿ ಬಾಯಾರ? ಒಂದು ದೇವರ ಕಡಿ ಇರಲಿ ಅಂತ ಬಿಟ್ಟೀನಿ,” ಎಂದಳು. ಮಕ್ಕಳನ್ನು ಎಣಿಸಿದರೆ ಆಯುಷ್ಯ ಕಡಿಮೆ ಎಂದು ನಮ್ಮ ಕಡೆ ನಂಬುತ್ತಾರೆ. ನಾನು ಐದನ್ನು ಹೊಡೆದು ಆರು ಮಾಡಲಿಲ್ಲ. ಪಕ್ಕದಲ್ಲಿ ಸಣ್ಣಗೆ ‘ಕೇಳಿ ತಿಳಿದದ್ದು: ಇನ್ನೊಬ್ಬ’ ಎಂದು ಬರೆದೆ. ಪಟ್ಟಿಯನ್ನು ಎಂದೂ ತಿದ್ದಬೇಡಿ. ಪಕ್ಕದಲ್ಲಿ ಬರೆಯಿರಿ.

ಇನ್ನೊಂದು ಬದಲಿ ಪಟ್ಟಿ ಕಾಗದದ್ದಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಹೆಳವ ಬರುತ್ತಾನೆ. ತನಗೆ ಸೇರಿದ ಮನೆಗಳ ಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ಹಿಡಿದು ಇವತ್ತಿನ ಗಂಡುಮಕ್ಕಳವರೆಗೆ ಹೆಸರು ಹೇಳಿ, ಕಾಳು ತೆಗೆದುಕೊಂಡು ಹೋಗುತ್ತಾನೆ. ಅವನ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಇರುವುದಿಲ್ಲ, ಬೆಡಗು ಇರುತ್ತದೆ. ಬೆಡಗು ಎಂದರೆ ವಂಶದ ಗುರುತು. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ. ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಬೆಡಗಿಗೆ ಒಂದೊಂದು ವಸ್ತುವಿನ ಹೆಸರಿರುತ್ತದೆ, ಬೆಳ್ಳಿ, ಅರಿಷಿಣ, ಜೀರಿಗೆ, ಹೀಗೆ. ಯಾವ ವಸ್ತುವಿನ ಹೆಸರೋ ಅದನ್ನು ಕೆಲವು ಮನೆಗಳಲ್ಲಿ ಬಳಸುವುದಿಲ್ಲ. ಬಿ.ಎ. ಓದಿದ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಹೊತ್ತಿಗೆ ಒದಗಲಿಲ್ಲ.

ಎರಡು ವರ್ಷದ ಹಿಂದೆ ಸುಲೇಪೇಟದ ಸಿದ್ರಾಮಪ್ಪನವರು ದಫ್ತರಕ್ಕೆ ಬಂದರು. ಒಕ್ಕಲುತನದವರು, ವಕೀಲ ಸಾಹೇಬರ ಹಳೆಯ ಪರಿಚಯ. ಕಿರಿಯ ಮಗಳು ಕಾಶಮ್ಮನನ್ನು ಶಹಾಬಾದಿನ ಒಬ್ಬ ಕಲ್ಲುಕೆಲಸದವನಿಗೆ ಕೊಡಬೇಕೆಂದಿದ್ದರು. ಹುಡುಗನ ಹೆಸರು ಭೀಮಶಾ.

“ಹುಡುಗ ಭಾಳ ಚಲೋ ಅದಾನ್ರಿ. ನಮ್ಮ ಮನ್ಯಾಗ ಪರಸಿ ಹಾಕ್ಯಾನ. ಒಂದು ಕಲ್ಲು ಮ್ಯಾಲಿಲ್ಲ, ಒಂದು ಕೆಳಗಿಲ್ಲ. ನೀರು ಚೆಲ್ಲಿದ್ರ ಎಲ್ಲಿ ಹೋಗಬೇಕೋ ಅಲ್ಲೇ ಹೋಗ್ತದ.”

“ಅಂದ್ರ ಕಲ್ಲು ನೋಡಿ ಮಗಳನ್ನ ಕೊಡಾಕತ್ತೀರಿ,” ಎಂದರು ಸಾಹೇಬರು.

“ಮನುಷ್ಯಾರನ್ನ ನೋಡಿ ಹಿರೇಮಗಳನ್ನ ಕೊಟ್ಟು ಅನುಭವಿಸೀನ್ರಿ. ಈ ಸಲ ಕಲ್ಲು ನೋಡೀನಿ.”

ತೊಂದರೆ ಇದ್ದದ್ದು ಒಂದೇ. ಭೀಮಶಾ ಸಾಕಿದ ಮಗ. ಅವನ ಬೆಡಗು ಯಾರಿಗೂ ಗೊತ್ತಿಲ್ಲ. ಬೆಡಗು ತಿಳಿಯದೆ ಹಿರಿಯರು ಒಪ್ಪುವುದಿಲ್ಲ. ಸಿದ್ರಾಮಪ್ಪನವರದು ಬೆಳ್ಳಿ ಬೆಡಗು. “ಅವನದು ಬೆಳ್ಳಿ ಅಲ್ಲ ಅಂತ ಗೊತ್ತಾದ್ರ ಸಾಕ್ರಿ. ಬ್ಯಾರೆ ಯಾವುದಿದ್ರೂ ನಡೀತದ,” ಎಂದರು.

ನಾನು ಮೊದಲು ಶಹಾಬಾದಿಗೆ ಹೋದೆ. ಭೀಮಶಾನನ್ನು ಸಾಕಿದ ಈರಮ್ಮ ಗಣಿಯ ಬಳಿ ಚಪ್ಪಡಿಗಳನ್ನೇ ಗೋಡೆಯಾಗಿ ನಿಲ್ಲಿಸಿದ ಮನೆಯಲ್ಲಿದ್ದಳು. ಭೀಮಶಾ ಬಾಗಿಲಲ್ಲಿ ಕೂತು ಉಳಿ ಮಸೆಯುತ್ತಿದ್ದ. ಈರಮ್ಮ ಹೇಳಿದಳು: ಪ್ಲೇಗು ಬಂದ ವರ್ಷ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದಾಗ ಒಬ್ಬ ಹರೆಯದ ಹೆಂಗಸು ಮೂರು ವರ್ಷದ ಮಗನನ್ನು ಎತ್ತಿಕೊಂಡು ಬಂದಳು. ನಾಲ್ಕನೆಯ ದಿನ ಸತ್ತಳು.

“ಹೆಸರು ನಿಂಗಮ್ಮ ಅಂದಳು. ನಮ್ಮೂರು ಕುರಕುಂಟಾ ಅಂದಳು. ಕೂಸಿನ ಹೆಸರು ಭೀಮಶಾ ಅಂತ ಅದೇ ಹೇಳ್ತಿತ್ತು. ಗಂಡನ ಹೆಸರೇನವ್ವಾ ಅಂತ ಎಷ್ಟು ಸಲ ಕೇಳಿದೆ. ಹೇಳಲಿಲ್ಲ. ಸಾಯಾಗ ಸೈತ ಹೇಳಲಿಲ್ಲ ನೋಡ್ರಿ.”

ಗಂಡನ ಹೆಸರು ಹೆಂಡತಿ ಹೇಳುವುದಿಲ್ಲ. ಹೇಳಿದರೆ ಗಂಡನಿಗೆ ಕೇಡು ಎಂಬ ಭಾವನೆ. ಇದು ನನ್ನ ಕೆಲಸಕ್ಕೆ ದಿನವೂ ಎದುರಾಗುತ್ತಿದ್ದ ಗೋಡೆ, ಹೊಸದೇನಲ್ಲ.

ದಫ್ತರಕ್ಕೆ ಬಂದು ಹಸಿರು ಪೆಟ್ಟಿಗೆ ತೆಗೆದೆ. ಪ್ಲೇಗಿಗೆ ಮೂರು ವರ್ಷ ಹಿಂದಿನ ಎಣಿಕೆಯ ಕುರಕುಂಟಾ ಪಟ್ಟಿ ಇತ್ತು. ಏಳನೆಯ ಮನೆ: ಸಂಗಪ್ಪ, ಐವತ್ತು. ಬಸಮ್ಮ, ನಲವತ್ತು. ಶಿವಪ್ಪ, ಇಪ್ಪತ್ನಾಲ್ಕು. ನಿಂಗಮ್ಮ, ಹತ್ತೊಂಬತ್ತು. ಆಮೇಲೆ ಆ ಅಡ್ಡಗೀಟು, ಒಂಬತ್ತು ದಿನದ ಗಂಡುಕೂಸು. ತಂದೆ, ತಾಯಿ, ಮಗ, ಸೊಸೆ, ಮೊಮ್ಮಗ. ಹೆಸರಿಡುವ ಶಾಸ್ತ್ರ ಇನ್ನೂ ಆಗಿಲ್ಲ, ಆದ್ದರಿಂದ ಗೀಟು. ನಿಂಗಮ್ಮ ಎಂಬ ಹೆಸರಿನ, ಆ ವಯಸ್ಸಿನ ಹೆಂಗಸು ಇಡೀ ಪಟ್ಟಿಯಲ್ಲಿ ಇನ್ನೊಬ್ಬಳಿರಲಿಲ್ಲ. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ನನಗಾದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹೆಳವ ಆಗ ಚಿತ್ತಾಪುರದಲ್ಲೇ ಇದ್ದ. ಕರೆಸಿದೆವು. ಕುರಕುಂಟಾದ ಸಂಗಪ್ಪನ ಮನೆ ಎಂದೊಡನೆ ಗಂಟೆ ಇಲ್ಲದೆಯೇ ಶುರುಮಾಡಿ ಎಂಟು ತಲೆಮಾರು ಹೇಳಿದ. ಬೆಳ್ಳಿ ಬೆಡಗು. ಸಂಗಪ್ಪನ ಮಗ ಶಿವಪ್ಪ. ಅಲ್ಲಿಗೆ ನಿಂತ.

“ಶಿವಪ್ಪನ ಮಗ?” ಎಂದು ಕೇಳಿದೆ.

“ಇಲ್ಲರಿ.”

“ಒಂದು ಗಂಡುಕೂಸು ಇತ್ತಲ್ಲ.”

“ನನ್ನ ಬಾಯಾಗ ಇಲ್ಲರಿ ಬಾಯಾರ. ಶಿವಪ್ಪ ಪ್ಲೇಗದಾಗ ಹೋದ. ಮನಿ ಮುಗೀತು.”

ಕೂಸು ಹುಟ್ಟಿ ಪ್ಲೇಗು ಬರುವವರೆಗಿನ ಮೂರು ವರ್ಷ ಅವನು ಆ ಊರಿಗೆ ಬಂದಿರಲಿಕ್ಕಿಲ್ಲ ಎಂದುಕೊಂಡೆ. ಕಾಗದದಲ್ಲಿ ಕೂಸು ಇದೆ, ಬಾಯಲ್ಲಿ ಇಲ್ಲ. ನಾನು ಕಾಗದದ ಕಡೆ ಹೋದೆ. ವಕೀಲ ಸಾಹೇಬರು ಮಾತ್ರ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

“ಬೇಟಿ, ಇವ ಇಲ್ಲ ಅನ್ನಾಕತ್ತಾನ.”

“ಅವನಿಗೆ ಗೊತ್ತಿಲ್ಲ ಸಾಹೇಬ್ರ.”

“ಇರಬಹುದು. ಆದ್ರ ಎರಡು ಬಾಯಿ ಎರಡು ಮಾತು ಹೇಳಿದ್ರ ಮೂರನೇದು ಹುಡುಕು ಅಂತ ನಿನಗ ಹೇಳೀನಿ.”

ಮೂರನೆಯದು ಹುಡುಕುವುದು ಬೇಕಾಗಿಲ್ಲ ಎಂದು ನನಗೆ ಅನಿಸಿತು. ಸಿದ್ರಾಮಪ್ಪನವರು ಅವಸರ ಮಾಡುತ್ತಿದ್ದರು. ಭೀಮಶಾನದು ಬೆಳ್ಳಿ ಬೆಡಗು ಎಂದು ಬರೆದು, ಕೆಳಗೆ ವಂಶದ ಗೆರೆಗಳನ್ನು ಎಳೆದು, ಸಹಿ ಮಾಡಿ ನಾನೇ ಸುಲೇಪೇಟಕ್ಕೆ ಒಯ್ದೆ.

ಸಿದ್ರಾಮಪ್ಪನವರು ಮನೆಯಲ್ಲಿರಲಿಲ್ಲ. ಕಾಶಮ್ಮ ನೀರು ತಂದಳು. ಕೈಯಲ್ಲಿದ್ದ ಕಾಗದ ನೋಡಿ, ನಾನು ಬಾಯಿ ತೆರೆಯುವ ಮೊದಲೇ, “ಬಾಯಾರ, ಪಟ್ಟಿಯೊಳಗ ಏನು ಬಂದದ ಅದನ್ನೇ ಹೇಳ್ರಿ. ನನಗ ಬೇಕಾದ್ದು ಅಂತ ಹೇಳಬ್ಯಾಡ್ರಿ,” ಎಂದಳು. ನಾನು ಬಂದದ್ದನ್ನೇ ಹೇಳಿದೆ. ಅವಳು ಅಳಲಿಲ್ಲ. ಲೋಟ ತೆಗೆದುಕೊಂಡು, ನಾನು ಕುಡಿದು ಬಿಟ್ಟಿದ್ದ ನೀರನ್ನು ಭೀಮಶಾ ಹಾಸಿದ ಪರಸಿಕಲ್ಲಿನ ಮೇಲೆ ಚೆಲ್ಲಿದಳು. ನೀರು ಒಂದೇ ಗೆರೆಯಾಗಿ ಹರಿದು ಮೋರಿಗೆ ಹೋಯಿತು. ಇಬ್ಬರೂ ಅದನ್ನು ನೋಡಿದೆವು.

ಮೂರು ವಾರ ಕಳೆಯಿತು. ಕಾಳಗಿಯ ಒಬ್ಬನಿಗೆ ಕಾಶಮ್ಮನನ್ನು ಗೊತ್ತುಮಾಡಿದ್ದಾರೆ, ಅವನಿಗೆ ಇದು ಎರಡನೆಯ ಸಂಬಂಧ, ಸೋಮವಾರ ಸಕ್ಕರೆ ಹಂಚುತ್ತಾರೆ ಎಂಬ ಸುದ್ದಿ ಬಂತು. ಸಕ್ಕರೆ ಹಂಚಿದ ಮೇಲೆ ಮಾತು ತಿರುಗುವುದಿಲ್ಲ. ಶನಿವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ವಕೀಲ ಸಾಹೇಬರು ಇಟ್ಟ, ಕುರಕುಂಟಾಕ್ಕೆ ಹೋಗಿ ಬರುವ ರೈಲು ಟಿಕೀಟು ಇತ್ತು. ನನಗೆ ಸಿಟ್ಟು ಬಂತು. ಹೋದೆ.

ಕುರಕುಂಟಾದಲ್ಲಿ ಏಳನೆಯ ಮನೆ ಬಿದ್ದು ಜಾಲಿ ಬೆಳೆದಿತ್ತು. ಆ ಓಣಿಯಲ್ಲಿ ಎಲ್ಲರಿಗಿಂತ ಹಳಬಳು ಯಾರೆಂದು ಕೇಳಿದಾಗ ಸೂಲಗಿತ್ತಿ ಲಾಲಮ್ಮನ ಮನೆ ತೋರಿಸಿದರು. ಲಾಲಮ್ಮ ಕಾಲು ಚಾಚಿ ಕೂತು ಮೊರದಲ್ಲಿ ತೊಗರಿ ಆರಿಸುತ್ತಿದ್ದಳು. ನಾನು ಪಟ್ಟಿ ಓದಿ ಹೇಳಿದೆ: ಸಂಗಪ್ಪ, ಬಸಮ್ಮ, ಮಗ ಶಿವಪ್ಪ, ಸೊಸೆ ನಿಂಗಮ್ಮ, ಕೂಸು.

“ಯಾರು ಸೊಸಿ?” ಎಂದಳು.

“ನಿಂಗಮ್ಮ.”

“ನಿಂಗಮ್ಮ ಅವರ ಮಗಳವ್ವಾ. ಶಿವಪ್ಪನ ತಂಗಿ. ಸೊಸಿ ಗೌರಮ್ಮ, ಆಕಿ ಆವಾಗ ತನ್ನ ತವರಿಗಿ ಹೋಗಿದ್ದಳು.” ಮೊರದಿಂದ ಕೈ ತೆಗೆದು ನನ್ನ ಕೊರಳ ಕಡೆ ನೋಡಿದಳು. “ನಿನ್ನ ಲಗ್ನ ಆಗಿಲ್ಲೇನು?”

“ಇಲ್ಲ.”

“ಅದಕ್ಕ ತಿಳೀಲಿಲ್ಲ ಬಿಡು. ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಯಾರು ಮಾಡ್ತಾರವ್ವಾ? ಕೂಸು ಒಂಬತ್ತು ದಿನದ್ದು ಅಂತ ಬರಕೊಂಡೀದಿ. ತವರುಮನಿ ಅಂತ ತಿಳೀಬೇಕಿಲ್ಲ? ಎಷ್ಟು ಓದೀದಿ ನೀ?”

ಪಟ್ಟಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡೆ. ನನ್ನ ಅಕ್ಕ ಎರಡು ಸಲ ನಮ್ಮ ಮನೆಗೆ ಹೆರಿಗೆಗೆ ಬಂದಿದ್ದಳು. ಆಗ ಬಾಣಂತಿಗೆ ಬಿಸಿನೀರು ಹೊತ್ತುಕೊಟ್ಟವಳು ನಾನೇ. ಆ ದಿನಗಳ ಯಾವುದಾದರೂ ರಾತ್ರಿ ಎಣಿಸಲು ಬಂದಿದ್ದರೆ ಅವಳ ಮಕ್ಕಳು ನಮ್ಮ ಮನೆಯ ಪಟ್ಟಿಯಲ್ಲಿ, ನನ್ನ ಅಣ್ಣನ ಹೆಸರಿನ ಕೆಳಗೆ ಕೂತಿರುತ್ತಿದ್ದರು.

ಹೆಳವ ಸರಿಯಾಗಿಯೇ ಹೇಳಿದ್ದ. ಶಿವಪ್ಪನಿಗೆ ಮಗ ಇರಲಿಲ್ಲ. ಬೆಳ್ಳಿ ಬೆಡಗು ತಾಯಿಯ ತವರಿನದು, ಭೀಮಶಾನದಲ್ಲ.

“ನಿಂಗಮ್ಮನ ಗಂಡ ಯಾರು?” ಎಂದು ಕೇಳಿದೆ.

“ಮನುಷ್ಯಾನ್ನ ನಾ ನೋಡಿಲ್ಲ. ಚಿಂಚೋಳಿ ಕಡಿಯವರು. ಜೀರಿಗಿ ಬೆಡಗು.”

“ಬೆಡಗು ಹೆಂಗ ಗೊತ್ತು?”

“ಹೆಂಗಂದ್ರ? ಬಾಣಂತಿ ಸಾರಿಗಿ ಜೀರಿಗಿ ಹಾಕೂದು ನಾನು. ಆಕಿ ಬ್ಯಾಡ ಅಂದಳು. ಗಂಡನ ಮನ್ಯಾಗ ಜೀರಿಗಿ ನಡಿಯಂಗಿಲ್ಲ, ಅವರ ಕೂಸಿಗಿ ಹಾಲು ಕೊಡಾಕತ್ತೀನಿ, ನಾ ತಿನ್ನಂಗಿಲ್ಲ ಅಂದಳು. ಅವರವ್ವ ಬೈದಳು, ನಾ ಬೈದೆ, ಕೇಳಲಿಲ್ಲ. ಜೀರಿಗಿ ಇಲ್ಲದೇ ಬಾಣಂತನ ಮಾಡಿದ್ದು ನನ್ನ ಕೈಲೆ ಆಕಿದು ಒಂದೇ. ಮರೀಲಿ ಅಂದ್ರ ಹೆಂಗ ಮರೀಲಿ?” ಆಮೇಲೆ ಮೊರ ಕೆಳಗಿಟ್ಟು, “ಹೆಸರು ಸೈತ ಅದ,” ಎಂದಳು.

“ಗಂಡನ ಹೆಸರು ಹೇಳಿದ್ದಳೇನು?”

“ಬರೇ ಬಾಯಿಲೆ ಹೇಳ್ತಾರೇನು? ತೊಟ್ಟಲದಾಗ ಹಾಕೋ ದಿನ ಒಡಪು ಹೇಳಿಸಿದೆವು.”

ಗಂಡನ ಹೆಸರು ಹೇಳದ ಹೆಂಡತಿಗೆ ಅದನ್ನು ಹೇಳಲು ಒಂದೇ ದಾರಿ ಬಿಟ್ಟಿದ್ದಾರೆ. ಶುಭದ ದಿನ ಹೆಂಗಸರೆಲ್ಲ ಬಾಗಿಲು ಕಟ್ಟಿ ನಿಂತಾಗ ಅವಳು ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಹೇಳದೆ ಒಳಗೆ ಬಿಡುವುದಿಲ್ಲ. ನಾನು ಎಷ್ಟೋ ಮದುವೆಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಒಡಪು ಕೇಳಿದ್ದೆ. ಅದೂ ಒಂದು ಹೆಸರುಪಟ್ಟಿ ಎಂದು ಎಂದೂ ತೋಚಿರಲಿಲ್ಲ.

ಲಾಲಮ್ಮ ಕಣ್ಣು ಮುಚ್ಚಿ ಹೇಳಿದಳು. ಇಪ್ಪತ್ತೈದು ವರ್ಷದ ಹಿಂದಿನದು, ಒಂದು ಕಡೆಯೂ ತಡೆಯಲಿಲ್ಲ:

ಜೀರಿಗಿಲ್ಲದ ಸಾರ ಉಂಡೇನ, ತವರ ತೊಟ್ಟಿಲ ತೂಗೇನ,
ಚಿಂಚೋಳಿ ಮಲ್ಕಣ್ಣನ ಮಗನ್ನ ಮುಗಿಲಿಗೆತ್ತಿ ತೋರೇನ.

“ಆಮ್ಯಾಲ ಕೂಸಿಗಿ ಭೀಮಶಾ ಅಂತ ಹೆಸರಿಟ್ರು. ಸತ್ತ ಮಾವನ ಹೆಸರಂತ,” ಎಂದು ಮತ್ತೆ ತೊಗರಿ ಆರಿಸತೊಡಗಿದಳು. ನಾನು ಬರೆದುಕೊಂಡದ್ದನ್ನು ಓದಿಸಿ ಕೇಳಿದಳು. ಓದಿದೆ. “ಹಂಗ ಓದಬ್ಯಾಡವ್ವಾ, ಅದು ಕೋರ್ಟಿನ ಕಾಗದ ಅಲ್ಲ. ಹಾಡಿದಂಗ ಹೇಳಬೇಕು,” ಎಂದಳು.

ಸಂಜೆಯ ರೈಲಿಗೆ ಚಿತ್ತಾಪುರಕ್ಕೆ ಬಂದು ಬೀಗ ಕೆಟ್ಟ ಪೆಟ್ಟಿಗೆ ತೆಗೆದೆ. ಚಿಂಚೋಳಿಯ ಪಟ್ಟಿಯಲ್ಲಿ, ಅದೇ ರಾತ್ರಿಯ ಎಣಿಕೆಯಲ್ಲಿ, ನಲವತ್ತಮೂರನೆಯ ಮನೆ: ಮಲ್ಕಣ್ಣ, ತಂದೆ ಭೀಮಶಾ, ಇಪ್ಪತ್ತಾರು. ಅವನ ಕೆಳಗೆ ಒಬ್ಬ ಮುದುಕಿ. ಹೆಂಡತಿ ಇಲ್ಲ. ಆ ರಾತ್ರಿ ಅವಳು ಕುರಕುಂಟಾದಲ್ಲಿ ಮಲಗಿದ್ದಳು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಸಾಹೇಬರಿಗೆ ತೋರಿಸಿ, ತಪ್ಪು ನನ್ನದೆಂದು ಹೇಳಿದೆ.

ಅವರು ಎರಡರ ಮೇಲೂ ಬೆರಳಾಡಿಸಿ ಓದಿದರು. ಬೈಯುತ್ತಾರೆಂದು ಕಾದೆ. “ನನ್ನ ಮೂವತ್ತು ವರ್ಷದಾಗ ತವರುಮನಿ ಅನ್ನೂದು ನಾನೂ ಒಮ್ಮೆನೂ ಕೇಳಿಲ್ಲ ಬೇಟಿ,” ಎಂದರು. “ಎಷ್ಟು ಮನಿ ತಪ್ಪೀವೋ ಯಾರಿಗೆ ಗೊತ್ತು.” ಆಮೇಲೆ, “ನಾನೊಂದು ಚೀಟಿ ಬರೆದು ಕೊಡ್ತೀನಿ, ಸಿದ್ರಾಮಪ್ಪಗ ಮುಟ್ಟಿಸಾಣು. ನೀ ಹೋಗಿ ಮಂದಿ ಮುಂದ ನಿಂದ್ರೂದು ಬ್ಯಾಡ,” ಎಂದರು. ನಾನು ಎಂಥವಳೆಂದು ಅವರಿಗೆ ಗೊತ್ತಿತ್ತು.

“ಸಹಿ ನಂದದ ಸಾಹೇಬ್ರ,” ಎಂದೆ.

ಅಂದಿನಿಂದ ನಮ್ಮ ದಫ್ತರದ ಕ್ರಮ ಬದಲಾಯಿತು. ಯಾವ ಮನೆಯ ಪಟ್ಟಿ ಬಂದರೂ ಮೊದಲು ಆ ಮನೆಯ ಹೆಂಗಸರಲ್ಲಿ ಯಾರಿಗೆ ಅದು ತವರು, ಯಾರಿಗೆ ಅತ್ತೆಮನೆ ಎಂದು ಕೇಳಿ ಬರೆಯುತ್ತಿದ್ದೆವು. ಒಡಪುಗಳಿಗೆಂದು ಒಂದು ಬೇರೆ ವಹಿ ಇಟ್ಟೆ. ಅದರಲ್ಲಿ ಈಗ ಸೇಡಂ, ಚಿಂಚೋಳಿ, ಚಿತ್ತಾಪುರ ಕಡೆಯ ಎಷ್ಟೋ ಗಂಡಸರ ಹೆಸರುಗಳಿವೆ, ಬೇರೆಲ್ಲೂ ಸಿಗದವು. ಆ ವಹಿಯನ್ನು ಈ ಇಬ್ಬರು ಹುಡುಗಿಯರಿಗೇ ಕೊಡುತ್ತೇನೆ. ಆದರೆ ಅದರ ಮೊದಲ ಹಾಳೆಯಲ್ಲಿರುವ ಒಡಪನ್ನು ನಾನು ಬಾಯಿಂದ ಒಮ್ಮೆ ಹೇಳಬೇಕಾಯಿತು. ಅದನ್ನೂ ಅವರು ತಿಳಿದಿರಲಿ.

ಆ ಶನಿವಾರದ ಮರುದಿನ ಬೆಳಿಗ್ಗೆ ಮೊದಲ ರೈಲಿಗೆ ಸೇಡಮ್ಮಿಗೆ ಹೋಗಿ, ಇದ್ದಿಲಿನ ಬಸ್ಸು ಹಿಡಿದು ಸುಲೇಪೇಟದಲ್ಲಿ ಇಳಿದೆ. ಸಿದ್ರಾಮಪ್ಪನವರ ಅಂಗಳದಲ್ಲಿ ನಾಳೆಯ ಮಾತಿಗೆಂದು ಹಿರಿಯರು ಕೂಡಿದ್ದರು. ಹತ್ತು ಹನ್ನೆರಡು ಗಂಡಸರು. ಹೆಂಗಸರು ಬಾಗಿಲ ಒಳಗೆ. ನಾನು ಭೀಮಶಾ ಹಾಸಿದ ಕಲ್ಲಿನ ಮೇಲೆ ನಿಂತು, ಮೂರು ವಾರದ ಹಿಂದೆ ಕೊಟ್ಟ ಕಾಗದ ತಪ್ಪು, ದಯವಿಟ್ಟು ಹಿಂದಕ್ಕೆ ಕೊಡಿ ಎಂದೆ. ತಪ್ಪು ಹೇಗಾಯಿತೆಂದೂ ಹೇಳಿದೆ.

ಒಬ್ಬ ಹಿರಿಯರು ನಕ್ಕರು. “ಅಂದು ಕಾಗದ ತಂದು ಬೆಳ್ಳಿ ಅಂದ್ರಿ. ಇಂದು ಕಾಗದ ತಂದು ಜೀರಿಗಿ ಅಂತೀರಿ. ನಾಳಿ ಏನು ತರ್ತೀರಿ, ಮೆಣಸು?”

ಸಿದ್ರಾಮಪ್ಪನವರು ತಲೆ ತಗ್ಗಿಸಿ ಕೂತಿದ್ದರು. ಕಾಗದದ ಮೇಲೆ ಅಲ್ಲಿ ಯಾರಿಗೂ ನಂಬಿಕೆ ಉಳಿದಿರಲಿಲ್ಲ. ಅದನ್ನು ಹಾಳುಮಾಡಿದವಳು ನಾನು. ಚೀಲದಿಂದ ಚಿಂಚೋಳಿಯ ಪಟ್ಟಿ ತೆಗೆಯಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. “ಇದು ಕಾಗದದ್ದಲ್ಲರಿ. ಭೀಮಶಾನ ತಾಯಿ ತಾನೇ ಹೇಳಿದ್ದು,” ಎಂದೆ.

ಲಗ್ನವಾಗದವಳು ಒಡಪು ಹೇಳುವುದಿಲ್ಲ. ಗಂಡಸರ ನಡುವೆ ಯಾರೂ ಹೇಳುವುದಿಲ್ಲ. ನಾನು ಬಾಗಿಲ ಕಡೆ ತಿರುಗಿ, ಕಣ್ಣು ಹೊಸ್ತಿಲ ಮೇಲಿಟ್ಟು ಹೇಳಿದೆ. ಓದಿದ ಹಾಗೆ ಅಲ್ಲ, ಲಾಲಮ್ಮ ಹೇಳಿಕೊಟ್ಟ ಹಾಗೆ. ಒಳಗೆ ಯಾರೋ ಹುಡುಗಿಯರು ಕಿಸಕ್ಕೆಂದರು. ಎರಡನೆಯ ಸಾಲಿಗೆ ಸದ್ದು ನಿಂತಿತು. ಮಲ್ಕಣ್ಣ ಎಂಬ ಹೆಸರನ್ನು ಬಿಡಿಸಿ ಹೇಳಿ ಮುಗಿಸಿದೆ.

ಒಳಗಿಂದ ಕಾಶಮ್ಮನ ಅಜ್ಜಿಯ ದನಿ ಬಂತು.

“ಸಿದ್ರಾಮ, ಸುಳ್ಳು ಹೆಸರು ಹಾಕಿ ಯಾವಾಕಿ ಒಡಪು ಹೇಳ್ತಾಳಪ್ಪಾ? ಕಾಳಗಿಯವರಿಗಿ ಸಕ್ಕರಿ ತರಬ್ಯಾಡ್ರಿ ಅಂತ ಹೇಳಿ ಕಳಸು.”

ಹಿರಿಯರು ಹೆಳವನನ್ನು ಚಿಂಚೋಳಿಗೆ ಕಳಿಸಿ ಇನ್ನೊಮ್ಮೆ ಕೇಳಬೇಕು, ಎಂಟು ದಿನ ತಡೆಯಬೇಕು ಎಂದರು. ನ್ಯಾಯವಾದ ಮಾತು. ಮೂರನೆಯ ಬಾಯಿ ಕೇಳಲೇಬೇಕು. ಸಿದ್ರಾಮಪ್ಪನವರು ಎದ್ದು ನನ್ನ ಹಳೆಯ ಕಾಗದ ತಂದುಕೊಟ್ಟರು. “ಊಟ ಮಾಡಿ ಹೋಗ್ರಿ ಬಾಯಾರ,” ಎಂದರು.

ಒಳಗೆ ಹೆಂಗಸರ ಪಂಕ್ತಿಯಲ್ಲಿ ಕೂತೆ. ಕಾಶಮ್ಮ ಬಡಿಸುತ್ತಿದ್ದಳು. ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಸಾರಿಗೆ ಅವಳು ಒಗ್ಗರಣೆ ಹಾಕಿದ್ದು ಆಗತಾನೇ, ಇನ್ನೂ ಚುರುಗುಡುತ್ತಿತ್ತು. ಬೆಳ್ಳುಳ್ಳಿ ಇತ್ತು, ಕರಿಬೇವು ಇತ್ತು, ಸಾಸಿವೆ ಇತ್ತು. ಜೀರಿಗೆ ಇರಲಿಲ್ಲ. ಎಂಟು ದಿನ ಕಾಯಬೇಕೆಂದವರು ಹೊರಗೆ ಕೂತಿದ್ದರು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.